ಸರ್ಕಾರವೆಂಬ ಗಿರಾಕಿ

ಸುಗ್ಗಿಯ ಕಾಲದಲ್ಲಿ ಬಾಗಲಕೋಟೆ ಸೀಮೆಯ ರೈತನು ತನ್ನ ಹತ್ತಿಯನ್ನೋ ಜೋಳವನ್ನೋ ಉಳ್ಳಾಗಡ್ಡಿಯನ್ನೋ ಹೇರಿಕೊಂಡು ಮಾರುಕಟ್ಟೆಯ ಪ್ರಾಂಗಣಕ್ಕೆ ಬರುತ್ತಾನೆ. ಅಲ್ಲಿ ಮಾರುವವನು ಒಬ್ಬ, ಕೊಳ್ಳುವವರು ಹಲವರು. ಒಬ್ಬ ವ್ಯಾಪಾರಿ ಒಂದು ಬೆಲೆಯನ್ನು ಕೂಗುತ್ತಾನೆ. ಮತ್ತೊಬ್ಬನು ಅದರ ಮೇಲೆ ಐದು ರೂಪಾಯಿ ಏರಿಸುತ್ತಾನೆ. ಮೂರನೆಯವನು ಇನ್ನಷ್ಟು ಏರಿಸುತ್ತಾನೆ. ಇದನ್ನು ಹರಾಜು ಎನ್ನುತ್ತಾರೆ. ಈ ಕಡೆಯ ಹಳ್ಳಿಗರ ಬಾಯಲ್ಲಿ ಇದು ಲಿಲಾವು. ಕೊಳ್ಳುವವರು ಹೆಚ್ಚಿದಷ್ಟೂ ರೈತನಿಗೆ ಲಾಭ ಎಂಬುದನ್ನು ಯಾರೂ ಅವನಿಗೆ ಪಾಠ ಹೇಳಿಕೊಡಬೇಕಾಗಿಲ್ಲ. ಇಬ್ಬರೇ ವ್ಯಾಪಾರಿಗಳು ನಿಂತು ತಮ್ಮತಮ್ಮೊಳಗೆ ಕಣ್ಣುಸನ್ನೆ ಮಾಡಿಕೊಂಡರೆ ತನ್ನ ಗತಿ ಏನಾಗುವುದೆಂಬುದನ್ನೂ ಅವನು ಬಲ್ಲ.

ಇದೇ ವ್ಯವಹಾರವನ್ನು ಮಗುಚಿ ನೋಡಿದರೆ ಟೆಂಡರು ಎಂಬ ಪದ್ಧತಿ ಕಾಣಿಸುತ್ತದೆ. ಇಲ್ಲಿ ಕೊಳ್ಳುವವನು ಒಬ್ಬ, ಮಾರಲು ಬಯಸುವವರು ಹಲವರು. ಹರಾಜಿನಲ್ಲಿ ಬೆಲೆಯನ್ನು ಎಲ್ಲರ ಮುಂದೆ ಕೂಗಲಾಗುತ್ತದೆ. ಟೆಂಡರಿನಲ್ಲಿ ಪ್ರತಿಯೊಬ್ಬನೂ ತನ್ನ ಬೆಲೆಯನ್ನು ಬರೆದು ಮುಚ್ಚಿದ ಲಕೋಟೆಯಲ್ಲಿಡುತ್ತಾನೆ. ಪಕ್ಕದವನು ಏನು ಬರೆದಿರಬಹುದೆಂಬುದು ತಿಳಿಯದ ಕಾರಣ, ಕೆಲಸವು ಕೈತಪ್ಪಬಾರದೆಂಬ ಅಳುಕಿನಿಂದ ತನಗೆ ಸಾಧ್ಯವಾದಷ್ಟು ಕಡಿಮೆ ಬೆಲೆಯನ್ನು ನಮೂದಿಸುತ್ತಾನೆ. ಹರಾಜಿನಲ್ಲಿ ಬೆಲೆಯನ್ನು ಏರಿಸುವ ಸ್ಪರ್ಧೆಯೇ ಟೆಂಡರಿನಲ್ಲಿ ಅದನ್ನು ಇಳಿಸುತ್ತದೆ.

ಒಂದು ರಾಜ್ಯದಲ್ಲಿ ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಮತ್ತೊಬ್ಬನಿರಲಾರ. ರಸ್ತೆಗೆ ಬೇಕಾದ ಜಲ್ಲಿ, ಕಛೇರಿಗೆ ಬೇಕಾದ ಕಾಗದ, ಶಾಲೆಗೆ ಬೇಕಾದ ಹಲಗೆ ಇವೆಲ್ಲವನ್ನೂ ಅದು ಕೊಳ್ಳುತ್ತದೆ. ಆದರೆ ಅದು ಕೊಳ್ಳುವ ಸಾಮಗ್ರಿಗಳಲ್ಲಿ ಔಷಧಕ್ಕೆ ಪ್ರತ್ಯೇಕವಾದ ಒಂದು ಸ್ಥಾನವಿದೆ. ಜಲ್ಲಿ ಕೆಟ್ಟದ್ದಾಗಿದ್ದರೆ ಮುಂದಿನ ಮಳೆಗಾಲದಲ್ಲಿ ರಸ್ತೆಯೇ ಅದನ್ನು ಎಲ್ಲರಿಗೂ ಸಾರಿ ಹೇಳುತ್ತದೆ. ಮಾತ್ರೆಯ ಗುಣವನ್ನು ಕಣ್ಣಿನಿಂದ ಅಳೆಯಲಾಗದು. ಅದನ್ನು ನುಂಗುವ ರೋಗಿ ಅದನ್ನು ಆರಿಸಿದವನಲ್ಲ. ಆರಿಸಿದ ಅಧಿಕಾರಿ ಅದನ್ನು ನುಂಗುವವನಲ್ಲ. ಬರೆದುಕೊಟ್ಟ ವೈದ್ಯನು ಅದರ ಬೆಲೆ ತೆರುವವನಲ್ಲ. ಆದುದರಿಂದ ಔಷಧವನ್ನು ಸರ್ಕಾರವು ಹೇಗೆ ಕೊಳ್ಳುತ್ತದೆ ಎಂಬುದು ಕೇವಲ ಲೆಕ್ಕಪತ್ರಗಳ ವಿಷಯವಾಗಿ ಉಳಿಯುವುದಿಲ್ಲ. ಬಾದಾಮಿಯ ಕಲ್ಲುಕುಟಿಗನೊಬ್ಬನಿಗೆ ರಕ್ತದೊತ್ತಡದ ಮಾತ್ರೆ ಪ್ರತಿ ತಿಂಗಳೂ ದೊರೆಯುವುದೋ ಇಲ್ಲವೋ ಎಂಬುದು ಅದರಲ್ಲಿ ಅಡಗಿದೆ. ಭಾರತದಲ್ಲಿ ರೋಗಿಗಳು ತಮ್ಮ ಕೈಯಿಂದ ತೆರುವ ಚಿಕಿತ್ಸಾವೆಚ್ಚದಲ್ಲಿ ಬಹು ದೊಡ್ಡ ಪಾಲು ಔಷಧಗಳದೇ ಆಗಿರುತ್ತದೆ. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಮಾತ್ರೆ ಸಿಕ್ಕಿದರೆ ಆ ಹೊರೆ ಇಳಿಯುತ್ತದೆ; ಸಿಗದಿದ್ದರೆ ಅಂದಿನ ಕೂಲಿಯು ಎದುರಿನ ಅಂಗಡಿಗೆ ಸಲ್ಲುತ್ತದೆ.

ವ್ಯಾಪಾರಧರ್ಮದ ಮಾತು ಬಂದಾಗ ಹುನಗುಂದ ಸೀಮೆಯ ಐಹೊಳೆಯನ್ನು ನೆನೆಯದೆ ಇರುವಂತಿಲ್ಲ. ಈಗ ಅದು ದೇವಾಲಯಗಳಿಗಾಗಿ ಪ್ರವಾಸಿಗರು ಅರಸಿ ಬರುವ ಊರು. ಒಂದು ಕಾಲದಲ್ಲಿ ಅದರ ಹೆಸರು ಕಡಲಾಚೆಗೂ ಹರಡಿದ್ದುದು ವರ್ತಕರಿಂದ. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘವು ಬಣಂಜು ಧರ್ಮವೆಂಬ ತನ್ನದೇ ಕಟ್ಟಳೆಯನ್ನು ಪಾಲಿಸುತ್ತ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿತು. ಸುಮಾತ್ರಾ ದ್ವೀಪದಲ್ಲಿ ದೊರೆತ, ಕ್ರಿ. ಶ. 1088ರ ತಮಿಳು ಶಾಸನವೊಂದರಲ್ಲಿಯೂ ಈ ಸಂಘದ ಉಲ್ಲೇಖವಿದೆ. ಕಳ್ಳಕಾಕರ ಭಯವಿದ್ದ ದಾರಿಗಳಲ್ಲಿ ವರ್ತಕರು ಒಂದುಗೂಡಿ ನಡೆದುದು ವ್ಯಾಪಾರಕ್ಕೆ ಬಲವನ್ನು ತಂದಿತು. ಆದರೆ ಮಾರುವವರ ಒಗ್ಗಟ್ಟಿಗೆ ಎರಡು ಮುಖಗಳುಂಟು. ದಾರಿಯಲ್ಲಿ ಅದು ರಕ್ಷಣೆ. ಬೆಲೆ ಕಟ್ಟುವ ಜಾಗದಲ್ಲಿ ಅದು ಕೊಳ್ಳುವವನ ಕೊರಳಿಗೆ ಉರುಳು. ಈ ಎರಡನೆಯ ಮುಖದ ವಿಚಾರ ಮುಂದೆ ಬರುತ್ತದೆ.

ಆಸ್ಪತ್ರೆಗಳು ತಮಗೆ ಬೇಕಾದುದನ್ನು ತಾವೇ ಅಲ್ಲಲ್ಲಿ ಕೊಂಡರೆ ಆಗುವ ನಷ್ಟವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹುನಗುಂದದ ಆಸ್ಪತ್ರೆಯೊಂದಕ್ಕೆ ಒಂದು ಬಗೆಯ ಮಾತ್ರೆ 5,000 ಬೇಕೆಂದು ಊಹಿಸಿಕೊಳ್ಳಬಹುದು. ಭಾರತದ ಬಹಳಷ್ಟು ಮಾತ್ರೆಗಳು ತಯಾರಾಗುವುದು ಹಿಮಾಚಲ ಪ್ರದೇಶದ ಬದ್ದಿಯಂತಹ ದೂರದ ಕೈಗಾರಿಕಾ ಪಟ್ಟಣಗಳಲ್ಲಿ. 5,000 ಮಾತ್ರೆಗಳಿಗಾಗಿ ಅಲ್ಲಿಯ ತಯಾರಕನು ಹುನಗುಂದದತ್ತ ತಿರುಗಿಯೂ ನೋಡುವುದಿಲ್ಲ. ಆಸ್ಪತ್ರೆಯು ಊರಿನ ಸಗಟು ವ್ಯಾಪಾರಿಯನ್ನೇ ಆಶ್ರಯಿಸಬೇಕು. ಅವನು ಹೇಳಿದ್ದೇ ದರ. ಅದೇ ಮಾತ್ರೆಗೆ ಇಡೀ ರಾಜ್ಯದ ಬೇಡಿಕೆಯನ್ನು ಕೂಡಿಸಿ ಐದು ಕೋಟಿ ಮಾತ್ರೆಗಳು ಬೇಕೆಂದು ಪ್ರಕಟಿಸಿದರೆ, ತಯಾರಕರು ತಾವಾಗಿ ಬಾಗಿಲಿಗೆ ಬರುತ್ತಾರೆ. ಸ್ಪರ್ಧೆಯಿಂದ ಮಾತ್ರೆಯೊಂದಕ್ಕೆ ಬರಿಯ 10 ಪೈಸೆ ಇಳಿಯಿತೆಂದರೂ ಐದು ಕೋಟಿ ಮಾತ್ರೆಗಳಲ್ಲಿ ಉಳಿಯುವ ಹಣ 50 ಲಕ್ಷ ರೂಪಾಯಿ. ಹತ್ತು ಪೈಸೆಗೆ ಇಂದು ಅಂಗಡಿಯಲ್ಲಿ ಏನೂ ದೊರೆಯದು. ಸರ್ಕಾರದ ಖರೀದಿಯಲ್ಲಿ ಅದಕ್ಕೆ ಇಷ್ಟು ಬೆಲೆ.

ಈ ತತ್ತ್ವವನ್ನು ಭಾರತದಲ್ಲಿ ಶಿಸ್ತಿನಿಂದ ಆಚರಣೆಗೆ ತಂದ ಕೀರ್ತಿ ನೆರೆಯ ತಮಿಳುನಾಡಿಗೆ ಸಲ್ಲಬೇಕು. 1994ರಲ್ಲಿ ಅಲ್ಲಿ ವೈದ್ಯಕೀಯ ಸೇವಾ ನಿಗಮವೊಂದು ಸ್ಥಾಪಿತವಾಗಿ, ಮರುವರ್ಷದಿಂದ ರಾಜ್ಯದ ಎಲ್ಲ ಸರ್ಕಾರಿ ಆಸ್ಪತ್ರೆಗಳ ಪರವಾಗಿ ಔಷಧಗಳನ್ನು ಕೊಳ್ಳತೊಡಗಿತು. ವಿಶ್ವ ಆರೋಗ್ಯ ಸಂಸ್ಥೆಯು 1977ರಲ್ಲಿಯೇ ಅತ್ಯಗತ್ಯ ಔಷಧಗಳ ಪಟ್ಟಿಯೊಂದನ್ನು ಪ್ರಕಟಿಸಿತ್ತು. ಸಾವಿರಾರು ಔಷಧಗಳಿಗೆ ಬದಲಾಗಿ ಅಂಥದೇ ಒಂದು ಮಿತವಾದ ಪಟ್ಟಿಯನ್ನು ನಿಗಮವು ಆರಿಸಿಕೊಂಡಿತು. ಕಂಪನಿಯಿಟ್ಟ ಹೆಸರಿನಿಂದಲ್ಲದೆ ಔಷಧದ ಮೂಲ ಹೆಸರಿನಿಂದ ಟೆಂಡರು ಕರೆಯಿತು. ಇದು ಮೇಲುನೋಟಕ್ಕೆ ಅಲ್ಪ ವಿಷಯದಂತೆ ತೋರುತ್ತದೆ. ಆದರೆ ಕಂಪನಿಯ ಹೆಸರು ಹೇಳಿ ಕೇಳಿದರೆ ಅದನ್ನು ಕೊಡಬಲ್ಲವನು ಒಬ್ಬನೇ. ಮೂಲ ಹೆಸರು ಹೇಳಿ ಕೇಳಿದರೆ ಹತ್ತಾರು ಮಂದಿ. ಸ್ಪರ್ಧೆಯ ಬಾಗಿಲು ತೆರೆಯುವುದೂ ಮುಚ್ಚುವುದೂ ಎಷ್ಟೋ ವೇಳೆ ಲಕೋಟೆಗಳು ಬರುವುದಕ್ಕೆ ಮುನ್ನವೇ, ಬೇಡಿಕೆಯ ಪತ್ರವನ್ನು ಬರೆಯುವ ಲೇಖನಿಯ ತುದಿಯಲ್ಲಿಯೇ ಆಗಿಹೋಗುತ್ತದೆ.

ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಂಬ ಕಾನೂನು 2000ನೆಯ ಇಸವಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿ ಹೇಳಿದ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸರ್ಕಾರದ ಯಾವ ಕಛೇರಿಯೂ ಟೆಂಡರು ಕರೆಯದೆ ಸರಕನ್ನು ಕೊಳ್ಳುವಂತಿಲ್ಲ. ಟೆಂಡರಿನ ಪ್ರಕಟಣೆ ಬಹಿರಂಗವಾಗಿರಬೇಕು; ಅದಕ್ಕೆ ಉತ್ತರಿಸಲು ತಕ್ಕಷ್ಟು ಕಾಲಾವಕಾಶವಿರಬೇಕು; ಯಾವ ಅಳತೆಗೋಲಿನಿಂದ ತೂಗಲಾಗುವುದೆಂಬುದನ್ನು ಮೊದಲೇ ತಿಳಿಸಿರಬೇಕು; ತಿರಸ್ಕೃತನಾದವನಿಗೆ ಮೇಲ್ಮನವಿಯ ಹಕ್ಕಿರಬೇಕು. ಔಷಧಗಳನ್ನು ಕೊಂಡು ಉಗ್ರಾಣಗಳ ಮೂಲಕ ಹಂಚುವುದಕ್ಕಾಗಿ ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯವು ಒಂದು ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿತು. ಈಗ ಆ ಕೆಲಸವನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವು ನಡೆಸುತ್ತಿದೆ. 2007ರಿಂದ ರಾಜ್ಯದಲ್ಲಿ ಟೆಂಡರುಗಳನ್ನು ಗಣಕಯಂತ್ರದ ಮೂಲಕ ಸಲ್ಲಿಸುವ ಏರ್ಪಾಡು ಆರಂಭವಾಯಿತು. ಕಛೇರಿಯ ಪಡಸಾಲೆಯಲ್ಲಿ ಟೆಂಡರು ಪೆಟ್ಟಿಗೆ ಇರುತ್ತಿದ್ದ ಕಾಲದಲ್ಲಿ, ಕೊನೆಯ ದಿನ ಆ ಪೆಟ್ಟಿಗೆಯ ಬಳಿ ಬಲಶಾಲಿಗಳನ್ನು ನಿಲ್ಲಿಸಿ ಇತರರನ್ನು ಹತ್ತಿರ ಬರಗೊಡದ ಪ್ರಸಂಗಗಳು ದೇಶದ ನಾನಾ ಕಡೆ ನಡೆದದ್ದುಂಟು. ಯಂತ್ರದ ಮುಂದೆ ಯಾರೂ ತೋಳು ಮಡಚಿ ನಿಲ್ಲಲಾರರು. ಇದೊಂದೇ ಕಾರಣಕ್ಕೆ ಅದನ್ನು ಮೆಚ್ಚಬಹುದು.

ಟೆಂಡರಿಗೆ ಸಾಮಾನ್ಯವಾಗಿ ಎರಡು ಲಕೋಟೆಗಳಿರುತ್ತವೆ. ಒಂದರಲ್ಲಿ ತಯಾರಕನ ಯೋಗ್ಯತೆಯ ವಿವರ: ಅವನ ಪರವಾನಗಿ, ಅವನ ಕಾರ್ಖಾನೆಯ ಶುದ್ಧತೆಗೆ ಸಂಬಂಧಿಸಿದ ಪ್ರಮಾಣಪತ್ರ, ಹಿಂದಿನ ವರ್ಷಗಳ ವಹಿವಾಟು. ಮತ್ತೊಂದರಲ್ಲಿ ಬೆಲೆ. ಮೊದಲನೆಯ ಲಕೋಟೆಯ ಪರೀಕ್ಷೆಯಲ್ಲಿ ಗೆದ್ದವರ ಎರಡನೆಯ ಲಕೋಟೆಯನ್ನು ಮಾತ್ರ ತೆರೆಯಲಾಗುತ್ತದೆ. ಈ ಕ್ರಮದ ಅರ್ಥವನ್ನು ಇಳಕಲ್ಲಿನ ಸೀರೆಯ ಅಂಗಡಿಯಲ್ಲಿ ಕಾಣಬಹುದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿಗಳಿಂದ ಜೋಡಿಸುವುದು ಅದರ ವೈಶಿಷ್ಟ್ಯ. ಸೆರಗು ಅಪ್ಪಟ ರೇಷ್ಮೆಯದಾಗಿರಬಹುದು, ಚಮಕಾ ಎಂಬ ಕೃತಕ ರೇಷ್ಮೆಯದೂ ಆಗಿರಬಹುದು. ದೂರದಿಂದ ಎರಡೂ ಕೆಂಪಾಗಿಯೇ ಹೊಳೆಯುತ್ತವೆ. ಬುದ್ಧಿವಂತೆಯಾದ ಗೃಹಿಣಿ ಮೊದಲು ಸೆರಗನ್ನು ಬೆರಳಿನಿಂದ ಮುಟ್ಟಿ, ಮಗ್ಗುಲು ತಿರುವಿ ಕೊಂಡಿಯನ್ನು ನೋಡಿ, ಇದು ರೇಷ್ಮೆಯೇ ಹೌದೆಂದು ಮನವರಿಕೆಯಾದ ಮೇಲೆ ಬೆಲೆ ಕೇಳುತ್ತಾಳೆ. ರೇಷ್ಮೆಯ ಬೆಲೆಯನ್ನು ರೇಷ್ಮೆಯ ಬೆಲೆಯೊಡನೆ ಹೋಲಿಸಬೇಕೇ ಹೊರತು ಚಮಕಾದೊಡನೆಯಲ್ಲ. ಅಗ್ಗವೆಂಬ ಮಾತಿಗೆ ಅರ್ಥ ಬರುವುದು ಸರಕು ಒಂದೇ ಆಗಿರುವಾಗ ಮಾತ್ರ.

ತಯಾರಕರ ನಡುವಿನ ಸ್ಪರ್ಧೆ ಎಷ್ಟು ದೂರ ಬೆಲೆಯನ್ನು ಇಳಿಸಬಲ್ಲದೆಂಬುದಕ್ಕೆ ಬಾಗಲಕೋಟೆ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ ನಿದರ್ಶನವೊಂದಿದೆ. ಕರ್ನಾಟಕದಲ್ಲಿ ಎಚ್‌ಐವಿ ಸೋಂಕು ಹೆಚ್ಚಾಗಿ ಕಂಡುಬಂದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. 1990ರ ದಶಕದ ಕೊನೆಯ ಹೊತ್ತಿಗೆ ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ಆ ರೋಗಿಗಳು ಬಹುಕಾಲ ಬದುಕಬಲ್ಲರೆಂಬುದು ಪಶ್ಚಿಮ ದೇಶಗಳಲ್ಲಿ ಸಿದ್ಧವಾಗಿತ್ತು. ಆದರೆ ಆ ಔಷಧಗಳಿಗೆ ಒಬ್ಬ ರೋಗಿಗೆ ವರ್ಷಕ್ಕೆ ತಗಲುತ್ತಿದ್ದ ವೆಚ್ಚ ಹತ್ತು ಸಾವಿರ ಡಾಲರುಗಳಿಗೂ ಹೆಚ್ಚು. ಹೊಲಗೆಲಸದ ಕೂಲಿಯವನ ಮಾತಿರಲಿ, ಸಂಬಳದ ನೌಕರನಿಗೂ ಅದು ಎಟುಕದ ಹಣ್ಣು. ಔಷಧವಿತ್ತು, ರೋಗಿಯೂ ಇದ್ದ, ನಡುವೆ ಬೆಲೆ ನಿಂತಿತ್ತು.

ಇಂಥ ಬೆಲೆಗೆ ಕಾರಣ ತಯಾರಿಕೆಯ ಖರ್ಚಲ್ಲ, ಏಕಸ್ವಾಮ್ಯ. ಒಂದು ಔಷಧವನ್ನು ಕಂಡುಹಿಡಿದ ಕಂಪನಿಗೆ ಹಲವು ವರ್ಷಗಳ ಕಾಲ ಅದನ್ನು ತಾನೊಂದೇ ಮಾರುವ ಹಕ್ಕನ್ನು ಪೇಟೆಂಟು ಕಾನೂನು ಕೊಡುತ್ತದೆ. ಹೊಸ ಶೋಧನೆಗೆ ಪ್ರೋತ್ಸಾಹ ಬೇಕೆಂಬ ಈ ಕಾನೂನಿನ ಆಶಯ ತಪ್ಪೇನಲ್ಲ. ಆದರೆ ಭಾರತವು 1970ರಲ್ಲಿ ತನ್ನ ಪೇಟೆಂಟು ಕಾನೂನನ್ನು ಬದಲಿಸಿ, ಔಷಧಗಳ ವಿಷಯದಲ್ಲಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟು, ಔಷಧಕ್ಕೇ ಅಲ್ಲ ಎಂದು ನಿಶ್ಚಯಿಸಿತು. 1972ರಲ್ಲಿ ಜಾರಿಗೆ ಬಂದ ಆ ಕಾನೂನಿನಿಂದಾಗಿ ಭಾರತದ ರಸಾಯನಶಾಸ್ತ್ರಜ್ಞರು ಅದೇ ಔಷಧವನ್ನು ಬೇರೆ ವಿಧಾನದಿಂದ ತಯಾರಿಸುವ ಸ್ವಾತಂತ್ರ್ಯವನ್ನು ಪಡೆದರು. ಮುಂದಿನ ಮೂರು ದಶಕಗಳಲ್ಲಿ ದೇಶದಲ್ಲಿ ಔಷಧ ತಯಾರಕರು ಅಸಂಖ್ಯರಾದರು. ಖ್ವಾಜಾ ಅಬ್ದುಲ್ ಹಮೀದ್ ಅವರು 1935ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ್ದ ಸಿಪ್ಲಾ ಕಂಪನಿಯು ಅವುಗಳಲ್ಲೊಂದು. ಅವರ ಮಗ ಯೂಸುಫ್ ಹಮೀದ್ ಅವರು 2001ರ ಫೆಬ್ರವರಿಯಲ್ಲಿ ಮೂರು ಔಷಧಗಳ ಆ ಚಿಕಿತ್ಸೆಯನ್ನು ವೈದ್ಯರ ಅಂತಾರಾಷ್ಟ್ರೀಯ ಸೇವಾಸಂಸ್ಥೆಯೊಂದಕ್ಕೆ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡುವುದಾಗಿ ಸಾರಿದರು. ಜಗತ್ತು ಬೆರಗಾಯಿತು. ಇತರ ಭಾರತೀಯ ತಯಾರಕರು ಅದಕ್ಕಿಂತಲೂ ಕೆಳಗಿಳಿದರು. ಮೂಲ ಕಂಪನಿಗಳೂ ಬಡ ದೇಶಗಳಿಗೆ ತಮ್ಮ ಬೆಲೆಯನ್ನು ಇಳಿಸಬೇಕಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು 150 ಡಾಲರಿಗೂ ಕೆಳಗೆ ಬಂದಿತ್ತು.

ಬೆಲೆ ಇಳಿದ ಮೇಲೆಯೇ ಸರ್ಕಾರಗಳು ಆ ಔಷಧವನ್ನು ಕೊಂಡು ಹಂಚುವ ಮಾತು ಸಾಧ್ಯವಾದುದು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರವು ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯನ್ನು ಉಚಿತವಾಗಿ ನೀಡಲಾರಂಭಿಸಿತು. ಮುಂದೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ಅದರ ಕೇಂದ್ರವೊಂದು ತೆರೆಯಿತು. ಆ ಕೇಂದ್ರದ ಮುಂದೆ ತಿಂಗಳ ಮಾತ್ರೆಗಾಗಿ ನಿಂತು, ಅದನ್ನು ಚೀಲದಲ್ಲಿಟ್ಟುಕೊಂಡು ಊರಿನ ಬಸ್ಸು ಹಿಡಿಯುವ ತಾಯಿಯೊಬ್ಬಳಿಗೆ ಈ ದೀರ್ಘವಾದ ಕಥೆಯೇನೂ ತಿಳಿದಿರಬೇಕಾಗಿಲ್ಲ. 2005ರ ಜನವರಿ 1ರಿಂದ ಭಾರತವು ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಅನುಸಾರವಾಗಿ ಔಷಧಗಳಿಗೂ ಪೇಟೆಂಟು ನೀಡುತ್ತಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಹೊಸ ಔಷಧಗಳ ವಿಷಯದಲ್ಲಿ ಹಿಂದಿನ ಸ್ಪರ್ಧೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಸ್ಪರ್ಧೆಯು ಸರ್ವರೋಗಕ್ಕೂ ಮದ್ದು ಎಂದು ಯಾರಾದರೂ ಭಾವಿಸಿದರೆ ಅವರು 1986ರ ಮುಂಬಯಿಯನ್ನು ನೆನೆಯಬೇಕು. ಆ ವರ್ಷದ ಆರಂಭದಲ್ಲಿ ಅಲ್ಲಿಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಕೊಡಲಾದ 14 ಮಂದಿ ರೋಗಿಗಳು ಮೃತರಾದರು. ಆ ಗ್ಲಿಸರಿನ್ ಔಷಧಕ್ಕೆ ತಕ್ಕುದಾಗಿರಲಿಲ್ಲ. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗವು ವರದಿ ಸಲ್ಲಿಸಿ, ಖರೀದಿಯ ಕ್ರಮದಲ್ಲಿಯೂ ಔಷಧ ನಿಯಂತ್ರಣದ ಆಡಳಿತದಲ್ಲಿಯೂ ಇದ್ದ ದೋಷಗಳನ್ನು ಬಯಲಿಗೆಳೆಯಿತು. ಪರೀಕ್ಷೆಯಿಲ್ಲದ ಅಗ್ಗದ ಬೆಲೆಗೆ ತೆತ್ತ ಬೆಲೆ ಅದು.

ಇನ್ನೂ ಹತ್ತಿರದ ಘಟನೆ ಬಳ್ಳಾರಿಯದು. 2024ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರ ರಕ್ತನಾಳಕ್ಕೆ ಹನಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಸಂಶಯ ಮೂಡಿ, ಸರ್ಕಾರವು ಆ ತಯಾರಕನ ದ್ರಾವಣದ ಬಳಕೆಯನ್ನು ನಿಲ್ಲಿಸಿ ತನಿಖೆಗೆ ಆಜ್ಞಾಪಿಸಿತು. ಅದೇ ತಯಾರಕನ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯವು ಅದಕ್ಕೆ ಮುನ್ನವೇ ಗುಣಮಟ್ಟದ್ದಲ್ಲವೆಂದು ಹೇಳಿತ್ತು. ಕೇಂದ್ರದ ಪ್ರಯೋಗಾಲಯವು ಕೆಲವನ್ನು ಸರಿಯಾಗಿವೆ ಎಂದಿತ್ತು. ಎರಡು ಪ್ರಯೋಗಾಲಯಗಳ ಮಾತು ಬೇರೆಬೇರೆಯಾದಾಗ ಆ ಬಾಟಲಿಯನ್ನು ಬಳಸಬೇಕೋ ಬಿಡಬೇಕೋ ಎಂಬ ಪ್ರಶ್ನೆಗೆ ಉಗ್ರಾಣದಲ್ಲಿ ಕುಳಿತ ಗುಮಾಸ್ತನಲ್ಲಿ ಉತ್ತರವಿರಲಾರದು. ಸಂಶಯವಿರುವವರೆಗೆ ಬಾಟಲಿ ಕಪಾಟಿನಲ್ಲಿಯೇ ಉಳಿಯಬೇಕು ಎಂಬ ನಿಯಮವೊಂದೇ ಇಲ್ಲಿ ವಿವೇಕದ ದಾರಿ. ಅದರಿಂದ ಆಗುವ ನಷ್ಟವನ್ನು ರೂಪಾಯಿಗಳಲ್ಲಿ ಎಣಿಸಬಹುದು.

ಮಾರುವವರ ಒಗ್ಗಟ್ಟಿನ ಮಾತು ಹಿಂದೆ ಬಂದಿತ್ತು. ಐದು ಲಕೋಟೆಗಳು ಬಂದ ಮಾತ್ರಕ್ಕೆ ಐವರು ಸ್ಪರ್ಧಿಸಿದರೆಂದು ತಿಳಿಯಬಾರದು. ಈ ಬಾರಿ ನೀನು, ಮುಂದಿನ ಬಾರಿ ನಾನು ಎಂದು ತಮ್ಮೊಳಗೆ ಮಾತಾಡಿಕೊಂಡು, ನಾಲ್ವರು ಬೇಕೆಂದೇ ಹೆಚ್ಚಿನ ಬೆಲೆ ಬರೆದಿದ್ದರೆ ಅಲ್ಲಿ ನಡೆದದ್ದು ಸ್ಪರ್ಧೆಯ ನಾಟಕ. ಬನಶಂಕರಿಯ ಜಾತ್ರೆಗೆ ಬರುವ ನಾಟಕ ಕಂಪನಿಗಳಾದರೂ ಟಿಕೆಟ್ಟು ಕೊಟ್ಟವರಿಗೆ ನಾಟಕವೆಂದು ಹೇಳಿಯೇ ತೋರಿಸುತ್ತವೆ! ಭಾರತದ ಸ್ಪರ್ಧಾ ಅಧಿನಿಯಮ, 2002 ಇಂಥ ಒಳಒಪ್ಪಂದವನ್ನು ನಿಷೇಧಿಸಿದೆ. ಕೇರಳದಲ್ಲಿ ಬಡವರ ಆರೋಗ್ಯವಿಮೆಗಾಗಿ ಕರೆದ ಟೆಂಡರೊಂದರಲ್ಲಿ ಸಾರ್ವಜನಿಕ ವಲಯದ ನಾಲ್ಕು ವಿಮಾ ಕಂಪನಿಗಳು ಹೀಗೆ ಕೂಡಿಕೊಂಡಿದ್ದುವೆಂದು ತೀರ್ಮಾನಿಸಿ, ಭಾರತದ ಸ್ಪರ್ಧಾ ಆಯೋಗವು 2015ರಲ್ಲಿ 671 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಮೇಲ್ಮನವಿಯಲ್ಲಿ ದಂಡದ ಮೊತ್ತ ಬಹಳ ಇಳಿಯಿತು. ಸರ್ಕಾರವೇ ಒಡೆಯನಾಗಿರುವ ಕಂಪನಿಗಳು ಸರ್ಕಾರದ ಟೆಂಡರಿನಲ್ಲಿ ಸಿಕ್ಕಿಬಿದ್ದದ್ದು ಗಮನಿಸತಕ್ಕ ಸಂಗತಿ.

ಸ್ಪರ್ಧೆಯನ್ನು ಕುಗ್ಗಿಸುವ ಇನ್ನೊಂದು ಕಾರಣವು ಕೊಳ್ಳುವವನಲ್ಲಿಯೇ ಇರುತ್ತದೆ. ಮಾಲು ತೆಗೆದುಕೊಂಡು ಹಣವನ್ನು ತಡಮಾಡಿ ಕೊಡುವ ಗಿರಾಕಿಗೆ ಯಾವ ಅಂಗಡಿಯವನೂ ಒಳ್ಳೆಯ ಬೆಲೆ ಹೇಳುವುದಿಲ್ಲ. ತಯಾರಕನು ಸಾಲದ ಬಂಡವಾಳದಿಂದ ವ್ಯಾಪಾರ ಮಾಡುವವನು. ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ತೆರುವವನಿಗೆ ಆರು ತಿಂಗಳು ಹಣ ಬಾರದಿದ್ದರೆ, 100 ರೂಪಾಯಿಯ ಸರಕನ್ನು ಅವನು ಮುಂದಿನ ಟೆಂಡರಿನಲ್ಲಿ 106 ರೂಪಾಯಿ ಎಂದು ಬರೆಯುತ್ತಾನೆ. ಬರೆಯುವುದಾದರೂ ವಾಸಿ, ಬಂಡವಾಳ ಗಟ್ಟಿಯಿಲ್ಲದ ಪ್ರಾಮಾಣಿಕ ತಯಾರಕನು ಟೆಂಡರಿನ ಕಡೆಗೆ ಬರುವುದನ್ನೇ ಬಿಟ್ಟುಬಿಡುತ್ತಾನೆ. ಹತ್ತು ಲಕೋಟೆಗಳು ಬರುತ್ತಿದ್ದಲ್ಲಿ ಎರಡು ಬರುತ್ತವೆ. ಕೊನೆಗೆ ಒಂದೇ ಬಂದಾಗ ಅದನ್ನು ಸ್ಪರ್ಧೆಯೆಂದು ಕರೆಯುವ ಬಗೆ ಹೇಗೆ? ಯೋಗ್ಯತೆಯ ಷರತ್ತುಗಳದೂ ಇದೇ ತೆರನಾದ ಇಕ್ಕಟ್ಟು. ಇಷ್ಟು ಕೋಟಿಯ ವಹಿವಾಟು ಇದ್ದವರೇ ಬರಬೇಕೆಂದು ಬಿಗಿಮಾಡಿದರೆ ಸಣ್ಣ ತಯಾರಕರು ಹೊರಗುಳಿಯುತ್ತಾರೆ. ಸಡಿಲ ಬಿಟ್ಟರೆ ಯಂತ್ರವೂ ಇಲ್ಲದೆ ಬೋರ್ಡು ಮಾತ್ರ ಇರುವವನು ಒಳಗೆ ನುಸುಳುತ್ತಾನೆ. ಈ ಹದವನ್ನು ಯಾವ ನಿಯಮಪುಸ್ತಕವೂ ಪೂರ್ತಿಯಾಗಿ ಬರೆದುಕೊಡಲಾರದು.

ಗೆಲ್ಲಬೇಕೆಂಬ ಹಟದಿಂದ ತನ್ನ ಖರ್ಚಿಗಿಂತಲೂ ಕಡಿಮೆ ಬರೆದವನು ಮುಂದೆ ಸರಕನ್ನೇ ಕಳುಹಿಸದಿರುವುದೂ ಉಂಟು. ಅವನ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಅವನ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಬಹುದು. ಅಷ್ಟರಲ್ಲಿ ಬಾದಾಮಿಯ ಆಸ್ಪತ್ರೆಯ ಕಪಾಟು ಬರಿದಾಗಿರುತ್ತದೆ. ಆಸ್ಪತ್ರೆಯು ಸ್ಥಳೀಯವಾಗಿ ಹೆಚ್ಚಿನ ಬೆಲೆಗೆ ಕೊಳ್ಳಬೇಕಾಗುತ್ತದೆ. ಹೀಗಾಗದಿರಲೆಂದು ಕೆಲವು ಖರೀದಿಗಳಲ್ಲಿ ಎರಡನೆಯ ಸ್ಥಾನದಲ್ಲಿರುವವನನ್ನು ಮೊದಲನೆಯವನ ಬೆಲೆಗೇ ಒಪ್ಪಿಸಿ, ಬೇಡಿಕೆಯಲ್ಲಿ ಒಂದು ಪಾಲನ್ನು ಅವನಿಗೂ ಹಂಚುವುದುಂಟು.

ಟೆಂಡರು ಮುಗಿದು, ಸರಕು ಬಂದು, ಮಾದರಿಗಳು ಪ್ರಯೋಗಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಔಷಧವು ಜಿಲ್ಲಾ ಉಗ್ರಾಣವನ್ನು ತಲಪುತ್ತದೆ. ಅಲ್ಲಿಂದ ಹುನಗುಂದ, ಬಾದಾಮಿ, ಇಳಕಲ್ಲುಗಳ ಆಸ್ಪತ್ರೆಗಳಿಗೆ, ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗುತ್ತದೆ. ಮೊದಲು ಅವಧಿ ಮುಗಿಯುವ ಔಷಧವನ್ನು ಮೊದಲು ಕಳುಹಿಸಬೇಕೆಂಬುದು ಉಗ್ರಾಣದ ಮೂಲಸೂತ್ರ. ಅಗ್ಗವಾಗಿ ಕೊಂಡ ಮಾತ್ರೆ ಕಪಾಟಿನಲ್ಲಿಯೇ ಅವಧಿ ಮೀರಿದರೆ ಅದಕ್ಕಿಂತ ದುಬಾರಿಯಾದ ಮಾತ್ರೆ ಬೇರೊಂದಿಲ್ಲ.

ಇಷ್ಟಕ್ಕೂ ಎಷ್ಟು ಕೊಳ್ಳಬೇಕೆಂಬುದನ್ನು ಮೊದಲು ಹೇಳುವವನು ರಾಜಧಾನಿಯ ಅಧಿಕಾರಿಯಲ್ಲ. ಆಸ್ಪತ್ರೆಯ ಔಷಧ ವಿತರಕನು. ವರ್ಷಕ್ಕೊಮ್ಮೆ ಅವನು ಬೇಡಿಕೆಯ ಪಟ್ಟಿಯನ್ನು ಬರೆದು ಕಳುಹಿಸುತ್ತಾನೆ. ಎಲ್ಲ ಪಟ್ಟಿಗಳೂ ಕೂಡಿ ರಾಜ್ಯದ ಟೆಂಡರು ಆಗುತ್ತದೆ. ಸಾಮಾನ್ಯವಾಗಿ ಹಿಂದಿನ ವರ್ಷ ಖರ್ಚಾದುದನ್ನು ನೋಡಿ ಮುಂದಿನ ವರ್ಷದ ಅಂದಾಜನ್ನು ಮಾಡಲಾಗುತ್ತದೆ. ಇಲ್ಲಿ ಕಣ್ಣಿಗೆ ಬೀಳದ ಒಂದು ತೊಡಕಿದೆ. ಇಳಕಲ್ಲಿನ ಆಸ್ಪತ್ರೆಯ ದಾಸ್ತಾನು ಪುಸ್ತಕದಲ್ಲಿ ಮಧುಮೇಹದ ಒಂದು ಮಾತ್ರೆ ವರ್ಷದಲ್ಲಿ 50,000 ಖರ್ಚಾಗಿದೆ ಎಂದು ಊಹಿಸಿಕೊಳ್ಳಬಹುದು. ವಿತರಕನು ಮುಂದಿನ ವರ್ಷಕ್ಕೂ 50,000 ಎಂದೇ ಬರೆಯುತ್ತಾನೆ. ಆದರೆ ಆ ವರ್ಷ ಎರಡು ತಿಂಗಳು ಮಾತ್ರೆಯೇ ಇರಲಿಲ್ಲ. ಮಗ್ಗದ ಕೆಲಸಗಾರರು ಬಂದು ಬರಿಗೈಯಲ್ಲಿ ಹಿಂತಿರುಗಿದ್ದರು. ಕೇಳಿ ಹೋದವರ ಲೆಕ್ಕ ಪುಸ್ತಕದಲ್ಲಿಲ್ಲ. ಕೊಟ್ಟದ್ದರ ಲೆಕ್ಕ ಮಾತ್ರ ಇದೆ. ಹೀಗೆ ಒಂದು ವರ್ಷದ ಕೊರತೆಯು ಮುಂದಿನ ವರ್ಷದ ಕೊರತೆಗೆ ತಾನೇ ಬೀಜವಾಗುತ್ತದೆ. ಮಾತ್ರೆ ಇದ್ದ ತಿಂಗಳುಗಳು ಹತ್ತು. 50,000ವನ್ನು ಹತ್ತರಿಂದ ಭಾಗಿಸಿದರೆ ತಿಂಗಳಿಗೆ 5,000. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ 60,000. ಪಟ್ಟಿಯಲ್ಲಿ ಬರೆಯಬೇಕಾದ ಸಂಖ್ಯೆ ಇದು.